ಜೀಪಿನ ಹಿಂದಿನ ಪ್ಲೇಟು ಬದಲಿಸುವ ಮುನ್ನ

ನಮ್ಮ ಮನೆಯ ಜೀಪು ಕಳೆದ ದೀಪಾವಳಿಯಿಂದ ಕೊಟ್ಟಿಗೆಯ ಮಗ್ಗುಲ ಮಾಡಿನಡಿಯಲ್ಲಿ, ಹಿಂದಿನ ಎರಡೂ ಚಕ್ರಗಳನ್ನು ಕಳಚಿಕೊಂಡು, ಹಲಸಿನ ದಿಮ್ಮಿಗಳ ಮೇಲೆ ಕುಳಿತಿತ್ತು. 1964ರ ಸಿಜೆ-3ಬಿ ಅದು. ಅಪ್ಪಯ್ಯ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಅದನ್ನು ಮೂಲ ಸ್ಥಿತಿಗೆ ತರಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದಾಗ ಬಣ್ಣ, ಹುಡ್ಡು, ಸೀಟುಗಳ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಜಗಳ ಹುಟ್ಟಿದ್ದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಂದರೆ ಹಿಂದಿನ ಆಕ್ಸಲಿಗೆ ಬಿಗಿದ ಪ್ಲೇಟಿನ ಕಟ್ಟುಗಳ ವಿಷಯದಲ್ಲಿ.

ಕಾಡು, ಹೊಳೆ, ಗುಡ್ಡ ಕುಸಿತಗಳ ಬಗ್ಗೆ ಬರೆಯುವ ಈ ಪುಟಗಳಲ್ಲಿ ಜೀಪಿನ ಪ್ಲೇಟಿನ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಹಳೆಯ ಜೀಪು ಪರಿಸರಸ್ನೇಹಿ ಎಂದು ವಾದಿಸಲು ನಾನು ಹೊರಟಿಲ್ಲ. ಅರುವತ್ತು ವರ್ಷದ ಎಂಜಿನ್ನು ಉಗುಳುವ ಹೊಗೆಯನ್ನು 2020ರ ಏಪ್ರಿಲ್‌ನಿಂದ ಬಂದ ಭಾರತ್ ಸ್ಟೇಜ್-6ರ ವಾಹನದೊಡನೆ ಹೋಲಿಸಿ ಗೆಲ್ಲುವವರಿಲ್ಲ. ನನ್ನ ಮಾತು ಬೇರೆ. ನಮ್ಮ ಗುಡ್ಡಗಾಡಿನಲ್ಲಿ ಇಂತಹ ಜೀಪುಗಳು ಇನ್ನೂ ಓಡುತ್ತಿವೆ, ನಾಳೆಯೂ ಓಡಲಿವೆ. ಅವುಗಳ ಹಿಂದಿನ ಪ್ಲೇಟುಗಳಿಗೆ ನಾವು ಮಾಡುತ್ತಿರುವ ರಿಪೇರಿ ತಪ್ಪು. ಆ ತಪ್ಪಿನ ಬೆಲೆಯನ್ನು ಜೀಪಿನಲ್ಲಿ ಕುಳಿತವರೂ ತೆರುತ್ತಾರೆ, ಕೆಳಗಿನ ಹಳ್ಳವೂ ತೆರುತ್ತದೆ.

ಜೀಪು ನಮ್ಮ ಬೆಟ್ಟಗಳಿಗೆ ಬಂದ ಬಗೆಯನ್ನು ನೆನಪಿಸಿಕೊಂಡರೆ ಮಾತು ಸ್ಪಷ್ಟವಾದೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಕಂಪನಿ ಅಮೆರಿಕದ ಸೇನೆಗೆಂದು ಎಂಬಿ ಎಂಬ ಮಾದರಿಯನ್ನು ತಯಾರಿಸಿತು. ಸೇನೆ ಅದನ್ನು ಕರೆದದ್ದು ‘ಕಾಲು ಟನ್ನಿನ ಟ್ರಕ್ಕು’ ಎಂದು. ಯುದ್ಧ ಮುಗಿದ ಮೇಲೆ 1945ರಲ್ಲಿ ಜನಸಾಮಾನ್ಯರಿಗಾಗಿ ಸಿಜೆ-2ಎ, 1949ರಲ್ಲಿ ಸಿಜೆ-3ಎ, 1953ರಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ಬಂದವು. ಸಿಜೆ ಎಂದರೆ ಸಿವಿಲಿಯನ್ ಜೀಪ್. ಭಾರತದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಇವುಗಳ ಜೋಡಣೆ ಆರಂಭಿಸಿತು, ಮುಂದೆ ಇಲ್ಲಿಯೇ ತಯಾರಿಸತೊಡಗಿತು. ಕಾಫಿ ತೋಟಗಳು, ಅಡಿಕೆ ತೋಟಗಳು, ಅರಣ್ಯ ಇಲಾಖೆ ಇವೆಲ್ಲ ಜೀಪನ್ನು ಕೊಂಡವು. ಬಸ್ಸು ಹೋಗದ ಕಡೆಗೆ ಬಾಣಂತಿಯನ್ನೂ ಗೊಬ್ಬರದ ಮೂಟೆಯನ್ನೂ ಒಂದೇ ವಾಹನ ಸಾಗಿಸಿತು. ಕೊಡಚಾದ್ರಿಯ ದಾರಿಯಲ್ಲಿ, ಮಡಿಕೇರಿ ಸಮೀಪದ ಮಾಂದಲಪಟ್ಟಿಯ ದಾರಿಯಲ್ಲಿ ಇಂದಿಗೂ ಪ್ರವಾಸಿಗರನ್ನು ಹೊರುವುದು ಇದೇ ವಂಶದ ಬಂಡಿಗಳು.

ಕಾಲು ಟನ್ನು ಎಂಬ ಮಾತನ್ನು ದಯವಿಟ್ಟು ಗಮನಿಸಿ. ಅದರ ಮೇಲೆ ನಾವು ಹನ್ನೆರಡು ಜನರನ್ನು ಕೂರಿಸಿದೆವು, ಹಿಂದೆ ಇಬ್ಬರು ಜೋತುಬಿದ್ದರು. ಹಿಂಭಾಗ ಕುಸಿಯಿತು. ಕುಸಿದಾಗ ನಾವು ಹೊರೆಯನ್ನು ಕಡಿಮೆ ಮಾಡಲಿಲ್ಲ, ಪ್ಲೇಟು ಹೆಚ್ಚಿಸಿದೆವು. ‘ಎರಡು ಪ್ಲೇಟು ಜಾಸ್ತಿ ಹಾಕ್ಸಿ’ ಎಂಬುದು ಮಲೆನಾಡಿನ ಪ್ರತಿಯೊಂದು ಗ್ಯಾರೇಜಿನಲ್ಲಿಯೂ ಕೇಳಿಬರುವ ಮಾತು. ನಾನೂ ಆಡಿದ್ದೇನೆ.

ಪ್ಲೇಟಿನ ಕಟ್ಟು ಕೆಲಸ ಮಾಡುವ ರೀತಿಯನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದ ಕ್ರಮದಲ್ಲಿ ಒಂದರಡಿ ಒಂದು ಜೋಡಿಸಿ, ನಡುವೆ ತೂತು ಕೊರೆದು ಸೆಂಟರ್ ಬೋಲ್ಟಿನಿಂದ ಹಿಡಿದಿರುತ್ತಾರೆ. ಎಲ್ಲಕ್ಕಿಂತ ಉದ್ದದ ಮೇನ್ ಪ್ಲೇಟಿನ ಎರಡು ತುದಿಗಳನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಜೀಪಿನ ಹಿಂಬದಿಯಲ್ಲಿ ಮುಂದಿನ ಕಣ್ಣು ಚಾಸಿಗೆ ಪಿನ್ನಿನಿಂದ ಸೇರಿದೆ, ಹಿಂದಿನ ಕಣ್ಣು ಶಾಕಲ್ ಎಂಬ ತೂಗುಕೊಂಡಿಯಿಂದ ನೇತಾಡುತ್ತದೆ. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಬಾಗಿದ ಪಟ್ಟಿ ನೆಟ್ಟಗಾಗಿ ಉದ್ದವಾಗುತ್ತದೆ. ಆ ಹೆಚ್ಚಿನ ಉದ್ದಕ್ಕೆ ದಾರಿ ಮಾಡಿಕೊಡುವುದೇ ಶಾಕಲಿನ ಕೆಲಸ. ಪ್ಲೇಟುಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ತಿಕ್ಕಾಟವು ಕುಲುಕಾಟವನ್ನು ಒಂದಿಷ್ಟು ನುಂಗುತ್ತದೆ. ಉಳಿದದ್ದನ್ನು ಶಾಕ್ ಅಬ್ಸಾರ್ಬರ್ ನೋಡಿಕೊಳ್ಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಅಗಲ, ಒಂದೇ ದಪ್ಪದ ಪ್ಲೇಟುಗಳ ಕಟ್ಟಿನಲ್ಲಿ ಬಿಗುವು ಪ್ಲೇಟುಗಳ ಸಂಖ್ಯೆಗೆ ಅನುಗುಣವಾಗಿ ಏರುತ್ತದೆ. ನಮ್ಮ ಜೀಪಿನ ಹಿಂಬದಿಗೆ ಮೂಲತಃ ಒಂಬತ್ತು ಪ್ಲೇಟು. ಅದನ್ನು ಹನ್ನೊಂದು ಮಾಡಿದರೆ ಬಿಗುವು ಸುಮಾರು ಶೇ. 22ರಷ್ಟು ಹೆಚ್ಚುತ್ತದೆ. ದಪ್ಪದ ಲೆಕ್ಕ ಇದಕ್ಕಿಂತ ಕಟು, ಏಕೆಂದರೆ ಬಿಗುವು ದಪ್ಪದ ಘನಕ್ಕೆ ಅನುಗುಣ. ಪ್ಲೇಟು ಶೇ. 10ರಷ್ಟು ದಪ್ಪವಾದರೆ ಬಿಗುವು ಶೇ. 33ರಷ್ಟು ಏರುತ್ತದೆ. ಲಾರಿಯ ಹಳೆಯ ಪ್ಲೇಟನ್ನು ಕತ್ತರಿಸಿ ಜೀಪಿನ ಕಟ್ಟಿಗೆ ಸೇರಿಸುವವರು ಈ ಘನದ ಲೆಕ್ಕವನ್ನು ಎಂದೂ ಮಾಡಿರುವುದಿಲ್ಲ. ಇಷ್ಟಾಗಿ ಹೊರುವ ಶಕ್ತಿ ಹೆಚ್ಚಿತೇ? ಪ್ಲೇಟಿನದು ಹೆಚ್ಚಿತು. ಬ್ರೇಕ್ ಡ್ರಮ್ಮು, ಆಕ್ಸಲ್, ಚಾಸಿ, ಟಯರುಗಳು ಇದ್ದಂತೆಯೇ ಇವೆ. ಹಿಂಭಾಗ ಕುಸಿಯುವುದು ಹೊರೆ ಹೆಚ್ಚಾಯಿತೆಂದು ವಾಹನ ಹೇಳುವ ಮಾತು. ನಾವು ಅದರ ಬಾಯಿ ಕಟ್ಟುತ್ತೇವೆ, ಅಷ್ಟೆ.

ಸುಮಾರು ಹದಿನೆಂಟು ವರ್ಷಗಳ ಹಿಂದೆ ನಾನು ಹಾಗೆ ಬಾಯಿ ಕಟ್ಟಿಸಿದ್ದೆ. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಪ್ರತಿಬದಿಗೂ ಎರಡೆರಡು ಪ್ಲೇಟು ಸೇರಿಸಿದರು. ಜೀಪಿನ ಹಿಂಭಾಗ ಗರ್ವದಿಂದ ಎದ್ದು ನಿಂತಿತು. ಹೊರೆ ಇಲ್ಲದಾಗ ಮಾತ್ರ ಕೂತವರ ಸೊಂಟ ಉಳಿಯುತ್ತಿರಲಿಲ್ಲ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲೇಟಿನ ಹ್ಯಾಂಗರು ಚಾಸಿಗೆ ಸೇರುವಲ್ಲಿ ಕೂದಲೆಳೆಯ ಬಿರುಕು ಕಂಡಿತು, ವೆಲ್ಡಿಂಗ್ ಮಾಡಿಸಿದೆವು. ಆ ಬಳಿಕ ಒಂದು ಸಂಜೆ, ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವಾಗ, ನಮ್ಮ ತೋಟದ ಇಳಿಜಾರಿನ ಎರಡನೆಯ ತಿರುವಿನಲ್ಲಿ ‘ಟಣ್’ ಎಂಬ ಸದ್ದು ಕೇಳಿಸಿತು. ಸ್ಟಿಯರಿಂಗನ್ನು ತಿರುಗಿಸದೆಯೇ ಜೀಪು ಕಣಿವೆಯ ಕಡೆಗೆ ಮೂತಿ ಹಾಕಿತು. ನಾನು ಬ್ರೇಕನ್ನು ಒತ್ತಿ ಎದುರು ಬದಿಗೆ ಎಳೆದೆ. ಅದೃಷ್ಟಕ್ಕೆ ಧರೆಗೆ ಒರಗಿ ನಿಂತಿತು. ಇಳಿದು ನೋಡಿದರೆ ಬಲಬದಿಯಲ್ಲಿ ಹಿಂದಿನ ಆಕ್ಸಲ್ ಎರಡು ಅಂಗುಲ ಹಿಂದಕ್ಕೆ ಸರಿದಿತ್ತು. ಅಮ್ಮ ಮಾತಾಡಲಿಲ್ಲ. ಅಂದಿನಿಂದ ಆ ತಿರುವಿನಲ್ಲಿ ಇಳಿದು ನಡೆದೇ ಬರುತ್ತಾರೆ.

ತುಂಡಾದದ್ದು ಸೆಂಟರ್ ಬೋಲ್ಟು. ಅದರ ತಲೆ ಆಕ್ಸಲಿನ ಮೇಲಿರುವ ಪೀಠದ ಗುಳಿಯಲ್ಲಿ ಕೂತು ಆಕ್ಸಲ್ ಹಿಂದೆಮುಂದೆ ಸರಿಯದಂತೆ ಗುರುತು ಹಿಡಿದಿರುತ್ತದೆ. ಆದರೆ ನಿಜವಾದ ಭಾರವನ್ನು ಹಿಡಿಯಬೇಕಾದದ್ದು ಅದಲ್ಲ, ಆಕ್ಸಲನ್ನೂ ಪ್ಲೇಟನ್ನೂ ಸೇರಿಸಿ ಅಪ್ಪಿಕೊಂಡಿರುವ ಯು ಬೋಲ್ಟುಗಳು. ಎರಡು ಪ್ಲೇಟು ಹೆಚ್ಚಾದಾಗ ಕಟ್ಟು ದಪ್ಪವಾಯಿತು. ಗ್ಯಾರೇಜಿನವರು ಹಳೆಯ ಯು ಬೋಲ್ಟುಗಳನ್ನೇ ಹಾಕಿದ್ದರಿಂದ ನಟ್ಟುಗಳಿಗೆ ತುದಿಯ ನಾಲ್ಕಾರು ಥ್ರೆಡ್ಡುಗಳಷ್ಟೇ ಸಿಕ್ಕಿದ್ದವು. ಅವು ದಿನಗಳೆದಂತೆ ಸಡಿಲಗೊಂಡವು. ಭಾರವೆಲ್ಲ ಆ ಚಿಕ್ಕ ಸೆಂಟರ್ ಬೋಲ್ಟಿನ ಮೇಲೆ ಬಿತ್ತು. ಹಿಂದಿನ ಆಕ್ಸಲ್ ಓರೆಯಾದ ಜೀಪು ಹಿಂದಿನ ಚಕ್ರಗಳಿಂದಲೇ ತಿರುಗುತ್ತದೆ, ಆಗ ಚಾಲಕನ ಕೈಯಲ್ಲಿರುವುದು ಬರಿಯ ಒಂದು ಬಳೆ.

ಈ ಹಿನ್ನೆಲೆ ಇದ್ದುದರಿಂದ ಈ ಸಲ ಪ್ಲೇಟಿನ ವಿಷಯದಲ್ಲಿ ನಾನು ಹಟ ಹಿಡಿದೆ. ಎದುರಿಗಿದ್ದವನು ಅಣ್ಣನ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊಬೈಲಿನಲ್ಲಿ ಒಂದು ಕಿಟ್ಟಿನ ಚಿತ್ರ ತೋರಿಸಿದ. ಎರಡೋ ಮೂರೋ ಪ್ಲೇಟಿನ ಪ್ಯಾರಾಬೋಲಿಕ್ ಸ್ಪ್ರಿಂಗು, ಗ್ಯಾಸಿನ ಶಾಕ್ ಅಬ್ಸಾರ್ಬರು, ಜೀಪನ್ನು ಎರಡು ಅಂಗುಲ ಮೇಲೆತ್ತುವ ಸಲಕರಣೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ.

“ಚಿಕ್ಕಪ್ಪಾ, ಹಳೇದನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಿ, ಇದನ್ನ ಕೂರಿಸಿದ್ರೆ ಒಂದೇ ದಿನದ ಕೆಲಸ.”

ಮೇಸ್ತ್ರಿಗಳು ಜೀಪಿನಡಿಯಿಂದಲೇ ಉತ್ತರಿಸಿದರು. ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಸೀಮೆಯ ಜೀಪುಗಳನ್ನು ನೋಡಿದವರು ಅವರು. “ಕೂರ್ಸದು ಒಂದಿನ ತಮ್ಮಾ. ಅದು ಮುರಿದ ದಿನ ಒಂದು ಪ್ಲೇಟು ಬೇಕು ಅಂದ್ರೆ ಇಲ್ಲಿ ಯಾರ ಹತ್ರ ಸಿಗ್ತದೆ ಹೇಳು.”

ಪ್ಯಾರಾಬೋಲಿಕ್ ಸ್ಪ್ರಿಂಗು ಕೆಟ್ಟದ್ದೆಂದು ನಾನು ಹೇಳಲಾರೆ. ನಡುವೆ ದಪ್ಪವಾಗಿ ತುದಿಯತ್ತ ತೆಳುವಾಗುವ ಅದರ ಪ್ಲೇಟುಗಳು ಹಗುರ, ತಿಕ್ಕಾಟ ಕಡಿಮೆ, ಕೂತವರಿಗೆ ಸುಖ. ಆದರೆ ತಿಕ್ಕಾಟ ಕಡಿಮೆಯಾದಷ್ಟೂ ಕುಲುಕಾಟವನ್ನು ತಡೆಯುವ ಭಾರ ಪೂರ್ತಿಯಾಗಿ ಶಾಕ್ ಅಬ್ಸಾರ್ಬರಿನ ಮೇಲೆ ಬೀಳುತ್ತದೆ, ಅದು ಸೋತ ದಿನ ಜೀಪು ಚೆಂಡಿನಂತೆ ಪುಟಿಯುತ್ತದೆ. ಎರಡು ಅಂಗುಲ ಎತ್ತರಿಸಿದರೆ ವಾಹನದ ಭಾರಕೇಂದ್ರವೂ ಮೇಲೇರುತ್ತದೆ. ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಕಡಿದಾಗುತ್ತದೆ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಕಣಿವೆ ಇರುವ ಓರೆ ದಾರಿಗಳಲ್ಲಿ ದಿನವೂ ಓಡುವ ಜೀಪಿಗೆ ಇದು ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಬಿಚ್ಚಿದ ಹದಿನೆಂಟು ಪ್ಲೇಟುಗಳಲ್ಲಿ (ಹೆಚ್ಚಿನ ನಾಲ್ಕನ್ನು ಧರೆಗೆ ಒರಗಿದ ಆ ವರ್ಷವೇ ತೆಗೆಸಿದ್ದೆವು) ಕೆಟ್ಟಿದ್ದವು ಮೂರೇ ಮೂರು. ಮೂರು ಕೆಟ್ಟಿತೆಂದು ಹದಿನೈದನ್ನು ಎಸೆಯುವ ಬುದ್ಧಿ ನಮಗೆ ಎಲ್ಲಿಂದ ಬಂತು?

ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ತಿಳಿಯುವುದೇ ಈ ಕೆಲಸದ ಜೀವಾಳ. ಇದಕ್ಕೆ ಅವಸರ ಆಗದು. ಮೊದಲು ಸುರಕ್ಷತೆಯ ಮಾತು: ನಮ್ಮ ಕಡೆ ಜಾಕಿ ಏರಿಸಿ ಚಾಸಿಯಡಿಗೆ ಜಂಬಿಟ್ಟಿಗೆ ಕಲ್ಲು ಪೇರಿಸುವ ರೂಢಿ ಇದೆ. ಆ ಕಲ್ಲು ಗೋಡೆಗೆ ಸರಿ, ಜೀಪಿಗಲ್ಲ. ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸ್ಟ್ಯಾಂಡು ಇಲ್ಲವಾದರೆ ಗಟ್ಟಿ ಮರದ ಅಗಲ ದಿಮ್ಮಿಗಳನ್ನು ಅಡ್ಡ ಉದ್ದ ಇಟ್ಟು, ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ತಲೆ ಹಾಕಬೇಕು.

ಕಟ್ಟನ್ನು ಇಳಿಸಿದ ಮೇಲೆ ಸೆಂಟರ್ ಬೋಲ್ಟನ್ನು ಸುಮ್ಮನೆ ಬಿಚ್ಚುವಂತಿಲ್ಲ. ಪ್ಲೇಟುಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ. ಬೋಲ್ಟು ಬಿಟ್ಟೊಡನೆ ಚಿಮ್ಮುತ್ತವೆ. ಬೆಂಚಿನ ವೈಸಿನಲ್ಲಿ ಹಿಡಿದು, ಬಿಚ್ಚಿ, ನಿಧಾನ ಸಡಿಲಿಸಬೇಕು. ಮೇಸ್ತ್ರಿಗಳು ಒಂದೊಂದು ಪ್ಲೇಟನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರು. ಬಿರುಕು ಇದ್ದಲ್ಲಿ ಒಳಗೆ ಉಳಿದ ಎಣ್ಣೆ ಸುಣ್ಣಕ್ಕೆ ಒಸರಿ ಕಪ್ಪು ಗೆರೆ ಮೂಡುತ್ತದೆ. ಅಣ್ಣನ ಮಗ ಇದನ್ನು ಬಾಯಿ ತೆರೆದು ನೋಡಿದ. ಕಾರ್ಖಾನೆಗಳಲ್ಲಿ ಬಣ್ಣದ ದ್ರವ ಸವರಿ ಬಿರುಕು ಹುಡುಕುವ ಪರೀಕ್ಷೆಯೊಂದನ್ನು ಅವನು ಪಾಠದಲ್ಲಿ ಓದಿದ್ದನಂತೆ, ತತ್ತ್ವ ಅದೇ. ಎಡಬದಿಯ ನಾಲ್ಕನೆಯ ಪ್ಲೇಟಿನಲ್ಲಿ ಸೆಂಟರ್ ಬೋಲ್ಟಿನ ತೂತಿನಿಂದ ಅಂಚಿನವರೆಗೆ ಗೆರೆ ಮೂಡಿತು. ಬಲಬದಿಯ ಎರಡು ಪ್ಲೇಟುಗಳಲ್ಲಿ, ಕೆಳಗಿನ ಪ್ಲೇಟಿನ ತುದಿ ಒತ್ತಿ ಕೊರೆದ ಗುಳಿಯಿಂದಲೇ ಬಿರುಕು ಆರಂಭವಾಗಿತ್ತು. ಕಣ್ಣಿನಿಂದ ಕಣ್ಣಿಗೆ ದಾರ ಎಳೆದು ಕಮಾನಿನ ಎತ್ತರ ಅಳೆದಾಗ ಎಡ ಬಲಗಳ ನಡುವೆ ಅರ್ಧ ಅಂಗುಲದ ವ್ಯತ್ಯಾಸ ಸಿಕ್ಕಿತು. ಅದನ್ನು ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲೆ ಇಟ್ಟು ಸಾವಕಾಶ ತಟ್ಟಿ ಸರಿಮಾಡಿದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪ್ಲೇಟಿನ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಸಿಲಿಕಾನ್, ಮ್ಯಾಂಗನೀಸ್ ಮುಂತಾದವನ್ನು ಬೆರೆಸಿ, ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮೆಲುಬಿಸಿಯಲ್ಲಿ ಹದಗೊಳಿಸಿದ ಉಕ್ಕು. ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಆ ಹದ ಹೋಗುತ್ತದೆ. ಬಿರುಕಿಗೆ ವೆಲ್ಡಿಂಗ್ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮೇನ್ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿಕೊಂಡು ಘಾಟಿ ಇಳಿಯುವವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ನಮಸ್ಕಾರವನ್ನಷ್ಟೇ ಹೇಳಬಲ್ಲೆ, ಜೊತೆಗೆ ಕೂರಲಾರೆ.

ಬದಲಿಸಲೇಬೇಕಾದದ್ದರಲ್ಲಿ ಜಿಪುಣತನ ತರವಲ್ಲ. ಯು ಬೋಲ್ಟು, ಅದರ ನಟ್ಟು, ಸೆಂಟರ್ ಬೋಲ್ಟು ಒಮ್ಮೆ ಬಿಗಿದು ಎಳೆಸಿಕೊಂಡವು. ಬಿಚ್ಚಿದ ಮೇಲೆ ಮರಳಿ ಹಾಕಬಾರದು. ಕಣ್ಣಿನ ಕಂಚಿನ ಬುಷ್ಷು ಅಂಡಾಕಾರವಾಗಿ ಸವೆದಿದ್ದರೆ ಬದಲಿಸಬೇಕು, ಅದರೊಂದಿಗೆ ಪಿನ್ನನ್ನೂ. ಹೊಸ ಬುಷ್ಷಿಗೆ ಸವೆದ ಪಿನ್ನು ಹಾಕಿದರೆ ಆರು ತಿಂಗಳಲ್ಲಿ ಎರಡೂ ಹಾಳು. ಪ್ಲೇಟುಗಳನ್ನು ಪಕ್ಕದಿಂದ ಹಿಡಿದಿರುವ ಕ್ಲಿಪ್ಪುಗಳನ್ನು ನಮ್ಮವರು ‘ಏನೂ ಆಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ಚಕ್ರ ಗುಂಡಿಗೆ ಇಳಿದು ಕಟ್ಟು ಕೆಳಗೆ ಎಳೆಯಲ್ಪಟ್ಟಾಗ ಎಲ್ಲ ಪ್ಲೇಟುಗಳೂ ಒಟ್ಟಾಗಿ ಹಿಡಿಯುವಂತೆ ಮಾಡುವುದು ಅವೇ. ಕ್ಲಿಪ್ಪಿಲ್ಲದಿದ್ದರೆ ಮೇನ್ ಪ್ಲೇಟು ಒಂಟಿಯಾಗುತ್ತದೆ.

ಹೊಸ ಪ್ಲೇಟು ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಹಳೆಯದನ್ನೇ ಜೊತೆಗೊಯ್ಯುವುದು ಒಳ್ಳೆಯದು. ‘ಜೀಪಿನದ್ದು’ ಎಂದರೆ ಅಂಗಡಿಯವರು ಯಾವುದೋ ಮಾದರಿಯದನ್ನು ಕೊಟ್ಟಾರು. ಮೂಲ ವಿಲ್ಲಿಸ್ ವಂಶದ ಪ್ಲೇಟಿನ ಅಗಲ 1¾ ಅಂಗುಲ. ಅಗಲದ ಜೊತೆಗೆ ದಪ್ಪ, ಕಣ್ಣಿನ ಒಳ ಅಳತೆ, ಸೆಂಟರ್ ಬೋಲ್ಟಿನ ತೂತಿನಿಂದ ಎರಡು ತುದಿಗಳಿಗೆ ಇರುವ ದೂರ ಇವನ್ನೆಲ್ಲ ಅಳೆದು ನೋಡಬೇಕು. ತೂತು ಸರಿಯಾದ ಜಾಗದಲ್ಲಿಲ್ಲದ ಪ್ಲೇಟು ಹಾಕಿದರೆ ಆಕ್ಸಲ್ ಹುಟ್ಟುವಾಗಲೇ ಓರೆ.

ಈಗ ಶಾಕಲಿಗೆ ಬರುತ್ತೇನೆ. ಈ ಲೇಖನ ಬರೆಯಲು ಮುಖ್ಯ ಪ್ರೇರಣೆಯೇ ಅದು. ಹಳೆಯ ಜೀಪಿನ ಶಾಕಲ್ ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಅದರ ಎರಡೂ ಕಾಲುಗಳಿಗೆ ಥ್ರೆಡ್ಡು ಇದ್ದು, ಥ್ರೆಡ್ಡಿನ ಬುಷ್ಷುಗಳು ಅವನ್ನು ಹಿಡಿಯುತ್ತವೆ. ಒಂದು ಬುಷ್ಷು ಚಾಸಿಯ ಬ್ರಾಕೆಟ್ಟಿಗೆ, ಇನ್ನೊಂದು ಪ್ಲೇಟಿನ ಕಣ್ಣಿಗೆ. ಇಡೀ ಜೀಪಿನಲ್ಲಿರುವ ಇಂತಹ ಎಂಟು ಬುಷ್ಷುಗಳಲ್ಲಿ ಆರು ಬಲಮುರಿ, ಎರಡು ಎಡಮುರಿ. ಎಡಮುರಿಯದರ ಆರುಮೂಲೆಯ ತಲೆಯ ಸುತ್ತ ಒಂದು ಗೀರು ಕೊರೆದಿರುತ್ತಾರೆ. ಈ ಗುಟ್ಟು ತಿಳಿಯದವರು ಎಡಮುರಿಯ ಬುಷ್ಷನ್ನು ಬಲಮುರಿಯಂತೆ ಬಿಚ್ಚಲು ಹೋಗಿ, ಇನ್ನೂ ಬಿಗಿಮಾಡಿ, ಕೊನೆಗೆ ಗ್ಯಾಸ್ ಕಟರು ತರಿಸುತ್ತಾರೆ. ನಮ್ಮ ಜೀಪಿನಲ್ಲಿ ಹಿಂದೊಮ್ಮೆ ನಡೆದದ್ದೂ ಅದೇ. ಬಲಬದಿಯ ಶಾಕಲಿನ ಮೇಲೆ ಕಟರಿನ ಕಲೆ ಇತ್ತು, ಕೆಳಗಿನ ಕಣ್ಣಿಗೆ ಯಾರೋ ತಪ್ಪು ಬುಷ್ಷನ್ನು ಬಡಿದು ಕೂರಿಸಿದ್ದರು.

ಹೊಸದನ್ನು ಕೂರಿಸುವ ಕ್ರಮ ಹೀಗೆ. ಶಾಕಲನ್ನು ಬ್ರಾಕೆಟ್ಟಿಗೆ ಒತ್ತಿ ಹಿಡಿದು ಮೇಲಿನ ಬುಷ್ಷನ್ನು ಅರ್ಧದವರೆಗೆ ತಿರುಗಿಸಬೇಕು. ಥ್ರೆಡ್ಡು ಅಡ್ಡ ಹತ್ತದಂತೆ ಬರಿಗೈಯಲ್ಲೇ ಆರಂಭಿಸುವುದು ಕ್ಷೇಮ. ಆಮೇಲೆ ಕೆಳಗಿನದನ್ನು ಅರ್ಧದವರೆಗೆ. ಬಳಿಕ ಮೇಲೊಂದು ಸುತ್ತು, ಕೆಳಗೊಂದು ಸುತ್ತು ಎಂದು ಸರದಿಯ ಮೇಲೆ ಬಿಗಿಯುತ್ತಾ ಹೋಗಬೇಕು. ಮೇಲಿನದರ ತಲೆ ಬ್ರಾಕೆಟ್ಟಿಗೆ ತಾಗಿ ಕೂರಬೇಕು. ಕೆಳಗಿನದರ ತಲೆ ಮಾತ್ರ ಪ್ಲೇಟಿನ ಕಣ್ಣಿಗೆ ತಾಗಬಾರದು, ನಡುವೆ 1/32 ಅಂಗುಲ, ಅಂದರೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಸಂದು ಉಳಿಯಬೇಕು. ಗ್ರೀಸ್ ಗನ್ನಿನಿಂದ ನಿಪ್ಪಲಿಗೆ ಗ್ರೀಸು ತುಂಬಿ, ಶಾಕಲ್ ಸಲೀಸಾಗಿ ಆಡುತ್ತದೆಯೇ ಎಂದು ನೋಡಬೇಕು. ಬಿಗಿಯಾಗಿದ್ದರೆ ಬಿಚ್ಚಿ ಮತ್ತೆ ಮಾಡಬೇಕು, ಏಕೆಂದರೆ ಆಡದ ಶಾಕಲ್ ಪ್ಲೇಟನ್ನು ಮುರಿಯುತ್ತದೆ. ಪ್ಲೇಟು ಮುರಿದಾಗಲೆಲ್ಲ ನಾವು ಉಕ್ಕನ್ನು ಬೈಯುತ್ತೇವೆ, ರಸ್ತೆಯನ್ನು ಬೈಯುತ್ತೇವೆ, ಇನ್ನೆರಡು ಪ್ಲೇಟು ಹಾಕಿಸುತ್ತೇವೆ. ನಿಜದಲ್ಲಿ ಗ್ರೀಸು ಕಾಣದೆ ತುಕ್ಕು ಹಿಡಿದು ಹೆಪ್ಪುಗಟ್ಟಿದ ಶಾಕಲನ್ನು ಯಾರೂ ನೋಡಿರುವುದಿಲ್ಲ. “ಪ್ಲೇಟು ಬಗ್ಗಬೇಕು ಅಯ್ಯಾ, ಬಗ್ಗದಿದ್ರೆ ಅದು ಪ್ಲೇಟಲ್ಲ, ಹಾರೆ” ಎಂದು ಮೇಸ್ತ್ರಿಗಳು ನಕ್ಕರು.

ರಬ್ಬರ್ ಬುಷ್ಷು ಇರುವ ವಾಹನಗಳಿಗೆ ನಿಯಮ ಬೇರೆ. ಅವುಗಳಲ್ಲಿ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಕೂಡದು. ವಾಹನವನ್ನು ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಶಾಕ್ ಅಬ್ಸಾರ್ಬರಿನ ವಿಷಯದಲ್ಲಿ ಅಣ್ಣನ ಮಗ ಗೆದ್ದನೆಂದು ಒಪ್ಪಿಕೊಳ್ಳಬೇಕು. ಹಳೆಯವೆರಡರಲ್ಲಿ ಒಂದು ಎಣ್ಣೆ ಸೋರಿ ಒಣಗಿತ್ತು, ಇನ್ನೊಂದು ಕೈಯಲ್ಲಿ ಎಳೆದರೆ ಸೈಕಲ್ ಪಂಪಿನಂತೆ ಬರುತ್ತಿತ್ತು. ಮೇಸ್ತ್ರಿಗಳು ‘ಎಣ್ಣೆ ತುಂಬ್ಸಿ ನೋಡುವ’ ಎಂದರೂ ಅವನು ಬಿಡಲಿಲ್ಲ, ಹೊಸ ಜೋಡಿಯನ್ನು ತಂದ. ಕೂರಿಸುವ ಮೊದಲು ಅವನ್ನು ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ, ಒಳಗಿನ ಗಾಳಿಯನ್ನು ಹೊರಡಿಸಿದ. ಯು ಬೋಲ್ಟು ಬಿಗಿಯಲು ಟಾರ್ಕ್ ರೆಂಚನ್ನೂ ತಂದಿದ್ದ. ನಾಲ್ಕು ನಟ್ಟುಗಳನ್ನೂ ಕರ್ಣಾಕಾರವಾಗಿ, ಸ್ವಲ್ಪಸ್ವಲ್ಪವೇ, ಸಮನಾಗಿ ಬಿಗಿದರು. ಮೇಸ್ತ್ರಿಗಳ ಕೈ ಹೇಳಿದ ಬಿಗಿಗೂ ರೆಂಚು ತೋರಿದ ಅಂಕಿಗೂ ಹೆಚ್ಚಿನ ಅಂತರವೇನೂ ಇರಲಿಲ್ಲ. ಆದರೂ ಆ ಕೈ ಎಲ್ಲರಿಗೂ ಇಲ್ಲವಲ್ಲ.

ಇನ್ನು ಹಳ್ಳದ ಮಾತು. ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಗೆಲ್ಲ ಎಂಜಿನ್ನಿನ ಸುಟ್ಟ ಎಣ್ಣೆಯನ್ನು ಡೀಸೆಲ್ಲಿನೊಡನೆ ಬೆರೆಸಿ ಎರಚುವುದು ನಮ್ಮ ಹಳೆಯ ಅಭ್ಯಾಸ. ಪ್ಲೇಟಿಗೆ ತುಕ್ಕು ಹಿಡಿಯದಿರಲಿ ಎಂಬುದು ಉದ್ದೇಶ. ಜೂನಿನ ಮೊದಲ ವಾರದ ಮಳೆಗೆ ಅದರಲ್ಲಿ ಹೆಚ್ಚಿನ ಪಾಲು ತೊಳೆದುಹೋಗಿ ಅಂಗಳದ ಚರಂಡಿಯಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಸೇರುತ್ತದೆ. ಸುಟ್ಟ ಎಣ್ಣೆಯಲ್ಲಿ ಎಂಜಿನ್ನು ಸವೆದ ಲೋಹದ ಕಣಗಳೂ ದಹನದ ಕೊಳೆಯೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಗೆ ತಂದಿರುವುದು ಇದೇ ಕಾರಣಕ್ಕೆ. ಅದೇ ಎಣ್ಣೆ ರಬ್ಬರ್ ಬುಷ್ಷನ್ನೂ ಬ್ರೇಕಿನ ರಬ್ಬರ್ ಹೋಸನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ ಎಂಬುದನ್ನು ಎರಚುವವರು ಯೋಚಿಸಿದಂತಿಲ್ಲ. ನಾವು ಈ ಬಾರಿ ಪ್ಲೇಟುಗಳನ್ನು ಬಿಡಿಯಾಗಿ ಉಜ್ಜಿ, ಪ್ರೈಮರು ಬಳಿದು, ಒಂದಕ್ಕೊಂದು ತಾಗುವ ಮೈಗಳಿಗೆ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರಿ ಜೋಡಿಸಿದೆವು. ಹಳೆಯ ರಬ್ಬರನ್ನು ಬೆಂಕಿ ಹಚ್ಚಿ ಸುಟ್ಟು ತೆಗೆಯುವುದು ಇನ್ನೊಂದು ಅಭ್ಯಾಸ. ಆ ಕಪ್ಪು ಹೊಗೆಯ ಪಕ್ಕದಲ್ಲಿ ನಿಲ್ಲುವವರು ಬಹುಪಾಲು ಗ್ಯಾರೇಜಿನ ಹದಿಹರೆಯದ ಹುಡುಗರು. ಒಂದು ವೈಸು, ಎರಡು ಪೈಪಿನ ತುಂಡು ಇದ್ದರೆ ಬುಷ್ಷನ್ನು ಒತ್ತಿ ಹೊರದೂಡಬಹುದು, ಹತ್ತು ನಿಮಿಷ ಹೆಚ್ಚು ಬೇಕಾದೀತು. ಊರಿಗೊಂದು ಡ್ರಮ್ಮಿನಲ್ಲಿ ಸುಟ್ಟ ಎಣ್ಣೆಯನ್ನು ಕೂಡಿಟ್ಟು ಪರವಾನಗಿ ಇರುವವರಿಗೆ ಕೊಡುವ ವ್ಯವಸ್ಥೆಯನ್ನು ನಮ್ಮ ಬಳಗ ಮುಂದಿನ ಸಭೆಯಲ್ಲಿ ಚರ್ಚಿಸಬೇಕೆಂದು ಈ ಮೂಲಕ ಕೋರುತ್ತೇನೆ.

ಬಿರುಕು ಬಿಟ್ಟ ಮೂರು ಪ್ಲೇಟುಗಳು ಗುಜರಿಗೆ ಹೋಗಲಿಲ್ಲ. ಕೆಳಗಿನ ಕೇರಿಯ ಕುಲುಮೆಗೆ ಹೋದವು. ಕತ್ತಿ ಮಾಡಲು ಪ್ಲೇಟಿನ ಉಕ್ಕಿಗಿಂತ ಒಳ್ಳೆಯದಿಲ್ಲ ಎಂಬುದು ಮಲೆನಾಡಿನ ಆಚಾರಿಗಳಿಗೆಲ್ಲ ಗೊತ್ತು. ಬಿರುಕಿನ ಭಾಗ ಕಡಿದು ತೆಗೆದು, ಕಾಯಿಸಿ, ಬಡಿದು, ಬಾಯಿಗೆ ಹೊಸದಾಗಿ ಹದ ಕೊಟ್ಟು ಅವರು ನಾಲ್ಕು ಕತ್ತಿ ಮಾಡಿಕೊಟ್ಟರು. ಒಂದು ಮೇಸ್ತ್ರಿಗಳ ಮನೆಯಲ್ಲಿದೆ.

ಕಾನೂನಿನ ಬಗ್ಗೆ ಎರಡು ಮಾತು ಆಡದಿದ್ದರೆ ಬರಹ ಅಪೂರ್ಣ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆಂದು ನಿಯಮ ತಂದಿತು. ಐವತ್ತು ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರುವ ವಾಹನಕ್ಕೆ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕಷ್ಟೇ. ನಗರದ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗುವ ಕಾರಿಗೆ ಇದು ಸರಿ. ಅಡಿಕೆ ಹೊರುವ, ರೋಗಿಯನ್ನು ಹೊರುವ ಜೀಪು ಅರುವತ್ತು ವರ್ಷದ್ದಾಗಿದ್ದರೂ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಆದ್ದರಿಂದ ನಾವು ವಿಂಟೇಜ್ ಸಂಖ್ಯೆಗೆ ಅರ್ಜಿ ಹಾಕಲಿಲ್ಲ. ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ, ಫಿಟ್‌ನೆಸ್ ಪರೀಕ್ಷೆಗೆ ಜೀಪನ್ನು ಒಯ್ದೆವು. ಪರೀಕ್ಷಿಸಿದ ಅಧಿಕಾರಿ ಹಿಂದೆ ಬಗ್ಗಿ ನೋಡಿ, ‘ಪ್ಲೇಟು ಎಷ್ಟು?’ ಎಂದು ಕೇಳಿದರು. ಒಂಬತ್ತು ಎಂದೆ. ಎಣಿಸಿದರು.

ಐಟಿಐಯಲ್ಲಿ ಓದುತ್ತಿರುವ ನಮ್ಮ ಹುಡುಗರು ಹುಡುಗಿಯರಲ್ಲಿ ಒಂದು ವಿನಂತಿ ಇದೆ. ಎಡಮುರಿ ಬುಷ್ಷಿನ ಗೀರು, ಸುಣ್ಣದ ಪುಡಿಯ ಪರೀಕ್ಷೆ, 1/32 ಅಂಗುಲದ ಸಂದು ಇವು ಮೇಸ್ತ್ರಿಗಳಂಥವರ ಬೆರಳಿನಲ್ಲಿವೆ. ಅವರು ಈಗ ವಾರಕ್ಕೆ ಮೂರು ದಿನ ಮಾತ್ರ ಜೀಪಿನಡಿಗೆ ಇಳಿಯುತ್ತಾರೆ, ಮಂಡಿ ನೋವು. ಭಾನುವಾರ ಬೆಳಿಗ್ಗೆ ಬಂದರೆ ಕಲಿಸಲು ಸಿದ್ಧರಿದ್ದಾರೆ. ನಮ್ಮ ಮಾಡು, ನಮ್ಮ ವೈಸು ಕೊಡುತ್ತೇವೆ.

ಜೀಪು ಈಗ ಓಡುತ್ತಿದೆ. ಖಾಲಿ ಇದ್ದಾಗ ಮೆತ್ತಗಿದೆ, ಆರು ಮೂಟೆ ಹೇರಿದರೆ ಹಿಂಭಾಗ ಕೊಂಚ ತಗ್ಗುತ್ತದೆ. ಏಳನೆಯ ಮೂಟೆಗೆ ಎರಡನೆಯ ಸಲ ಹೋಗಿಬರುತ್ತೇವೆ. ಮುನ್ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕೆಂದು ಮೇಸ್ತ್ರಿಗಳು ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಬಳಿ ಅಂಟಿಸಿದ್ದಾರೆ. ಸದ್ಯಕ್ಕೆ ನೂರ ಎಂಬತ್ತಾಗಿದೆ. ಕಳೆದ ಸೋಮವಾರ ಎರಡನೆಯ ತಿರುವಿನಲ್ಲಿ ನಿಲ್ಲಿಸಿ, “ಇಳೀತೀಯಾ ಅಮ್ಮಾ?” ಎಂದು ಕೇಳಿದೆ. ಸೆರಗನ್ನು ಸರಿಮಾಡಿಕೊಂಡು, “ನಿಧಾನ ಹೋಗು” ಎಂದರು, ಇಳಿಯಲಿಲ್ಲ.